ನಾಲ್ಕು ನಿಮಿಷದ ಖಾಲಿ ರಸ್ತೆ

ಹರಿಹರದ ಕೋರ್ಟಿನ ಹತ್ತಿರ ನನ್ನದೊಂದು ಟೈಪಿಂಗ್, ಜೆರಾಕ್ಸ್ ಅಂಗಡಿ ಇದೆ. ದಿನಾ ಬೆಳಿಗ್ಗೆ ದಾವಣಗೆರೆಯ ವಿನೋಬನಗರದಿಂದ ಬಸ್ಸು ಹಿಡಿದು ಬರುತ್ತೇನೆ. ಅಫಿಡವಿಟ್ಟು ಟೈಪು ಮಾಡುವುದರ ಜೊತೆಗೆ ಸಿಡಿ ಬರೆದು ಕೊಡುವುದೂ ನನ್ನ ಕಸುಬು. ಊರೆಲ್ಲ ಸಿಡಿಯನ್ನು ಮರೆತಿದ್ದರೂ ಇಲ್ಲಿಗೆ ಬರುವ ವಕೀಲರು ಮರೆತಿಲ್ಲ. ಪೆನ್‌ಡ್ರೈವನ್ನು ಯಾರು ಬೇಕಾದರೂ ತಿದ್ದಬಹುದು, ಸಿಡಿಯ ಮೇಲೆ ಒಮ್ಮೆ ಬರೆದರೆ ಬರೆದಂತೆ ಎನ್ನುತ್ತಾರೆ.

ಗಿರಾಕಿಗಳಿಗೆ ನಾನು ಹೇಳುತ್ತಿದ್ದ ಮಾತು ಒಂದೇ. ಫೈಲು ಎಷ್ಟು ದೊಡ್ಡದು, ಸಿಡಿಯಲ್ಲಿ ಎಷ್ಟು ಜಾಗ ಇದೆ, ಮೊದಲು ನೋಡಿ, ಆಮೇಲೆ ಬರೆಯೋಣ. ನೋಡದೆ ಅವಸರ ಮಾಡಿದವರನ್ನು ಮುಲಾಜಿಲ್ಲದೆ ಬೈದಿದ್ದೇನೆ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಎಂದು ನನ್ನಂಥವರನ್ನು ನೋಡಿಯೇ ಹೇಳಿರಬೇಕು.

ನನ್ನ ಅಣ್ಣ ಲಗೇಜು ಆಟೋ ಓಡಿಸುತ್ತಾನೆ. ಒಂದು ಮಧ್ಯಾಹ್ನ ಹರಿಹರದ ಹಾರ್ಡ್‌ವೇರ್ ಅಂಗಡಿಯೊಂದರ ಮುಂದೆ ಆಟೋ ನಿಲ್ಲಿಸಿಕೊಂಡು ಲೋಡಿಗೆ ಕಾಯುತ್ತಿದ್ದ. ಸೈಕಲ್ ಮೇಲೆ ಹೋಗುತ್ತಿದ್ದ ಮುದುಕರೊಬ್ಬರಿಗೆ ಒಂದು ಬೈಕು ಗುದ್ದಿ ಪರಾರಿಯಾಯಿತು. ಅಣ್ಣ ಓಡಿಹೋಗಿ ಅವರನ್ನು ಎತ್ತಿ ತನ್ನ ಆಟೋದಲ್ಲೇ ಆಸ್ಪತ್ರೆಗೆ ಒಯ್ದ. ಎತ್ತಿದವನ ಅಂಗಿಗೇ ತಾನೇ ರಕ್ತ ಹತ್ತುವುದು? ಜನ ನೋಡಿದ್ದು ಅದನ್ನೇ. ಮೂರನೆಯ ದಿನ ಮುದುಕರು ತೀರಿಕೊಂಡರು. ಲಗೇಜು ಆಟೋ ಜೋರಾಗಿ ಬಂದು ಗುದ್ದಿತು ಎಂದು ಇಬ್ಬರು ಸಾಕ್ಷಿ ಹೇಳಿದರು. ಅಣ್ಣನ ಮೇಲೆ ಕೇಸಾಯಿತು. ಶಿಕ್ಷೆಯಾದರೆ ಜೈಲು.

ಅಂಗಡಿಯ ಮುಂದೆ ಕ್ಯಾಮೆರಾ ಇತ್ತು. ಮಾಲೀಕರು ಆ ದಿನದ ಮೂರರಿಂದ ನಾಲ್ಕು ಗಂಟೆಯವರೆಗಿನದನ್ನು ತೋರಿಸಿದರು. ಮೂರು ಹನ್ನೆರಡಕ್ಕೆ ಅಣ್ಣನ ಆಟೋ ಬಂದು ನಿಲ್ಲುತ್ತದೆ. ಮೂರು ಮೂವತ್ತೆಂಟಕ್ಕೆ ಮೂಲೆಯಲ್ಲಿ ಬೈಕು ಸೈಕಲ್ಲಿಗೆ ಗುದ್ದುತ್ತದೆ. ಆಮೇಲೆ ಅಣ್ಣ ಆಟೋದಿಂದ ಜಿಗಿಯುತ್ತಾನೆ. ಮೊಳೆ, ಪೈಪುಗಳ ನಡುವೆ ನಿಂತು ಅತ್ತುಬಿಟ್ಟೆ. ಅಣ್ಣ ಉಳಿದುಕೊಂಡ ಎಂದುಕೊಂಡೆ. ಅವರ ಪೆನ್‌ಡ್ರೈವಿನಲ್ಲಿ ತಂದು ನನ್ನ ಕಂಪ್ಯೂಟರಿಗೆ ಇಳಿಸಿಕೊಂಡು ಪೆನ್‌ಡ್ರೈವನ್ನು ವಾಪಸು ಕೊಟ್ಟೆ. ಒಂದು ತಿಂಗಳು ಕಳೆದರೆ ಕ್ಯಾಮೆರಾದ ಯಂತ್ರ ಹಳೆಯದನ್ನು ತಾನೇ ಅಳಿಸಿಕೊಳ್ಳುತ್ತದೆ. ಅಳಿಸಿಕೊಂಡಿತು ಕೂಡ.

ಸಿಡಿ ಕೊಡಬೇಕಾದ ದಿನ ಬಂತು. ಹನ್ನೊಂದಕ್ಕೆ ಕೋರ್ಟು. ಸಿಡಿಯ ಜೊತೆ ಕೊಡುವ ಪ್ರಮಾಣಪತ್ರವನ್ನು ಹಿಂದಿನ ಸಂಜೆಯೇ ಟೈಪು ಮಾಡಿ ಸಹಿ ಹಾಕಿದ್ದೆ. ಮೂರರಿಂದ ನಾಲ್ಕರವರೆಗಿನ ದೃಶ್ಯ, ಯಾವ ಬದಲಾವಣೆಯೂ ಇಲ್ಲದೆ ನಕಲು ಮಾಡಿದೆ ಎಂದು. ದಿನಕ್ಕೆ ಹತ್ತು ಜನರಿಗೆ ಬರೆದುಕೊಡುವ ಸಾಲು ಅದು. ಕಣ್ಣು ಮುಚ್ಚಿಕೊಂಡೂ ಟೈಪು ಮಾಡುತ್ತೇನೆ.

ಡಬ್ಬಿಯಲ್ಲಿ ಎರಡೇ ಸಿಡಿ ಉಳಿದಿದ್ದವು. ಒಂದನ್ನು ಹಾಕಿದೆ. ಜಾಗ ಸಾಲದು, ಆದರೂ ಬರೆಯಲೇ ಎಂದು ಕಂಪ್ಯೂಟರು ಕೇಳಿತು. ಹೊರಗೆ ಅಣ್ಣ ಹೊಸ್ತಿಲ ಮೇಲೆ ಕುಕ್ಕರುಗಾಲಲ್ಲಿ ಕೂತಿದ್ದ. ಅತ್ತಿಗೆ ಅವನ ಪಕ್ಕ ನಿಂತು ಸೆರಗಿನ ತುದಿ ತಿರುವುತ್ತಿದ್ದಳು. ಅವರನ್ನೇ ನೋಡುತ್ತ ಹೌದು ಎಂದು ಒತ್ತಿದೆ. ಸಿಡಿ ಮುಗಿಯುವ ಹೊತ್ತಿಗೆ ಯಂತ್ರ ಗಕ್ಕನೆ ನಿಂತಿತು. ಒಂದು ಸಿಡಿ ಹಾಳು.

ಆಗ ನೋಡಿದೆ. ಫೈಲು ಏಳುನೂರಾ ನಲವತ್ತಾರು ಎಂಬಿ. ಸಿಡಿಯಲ್ಲಿರುವ ಜಾಗ ಏಳುನೂರಾ ಎರಡು. ಗಂಟೆ ಹತ್ತೂವರೆ. ಎರಡು ಸಿಡಿಗೆ ಹಂಚಿ ಬರೆಯೋಣವೆಂದರೆ ಉಳಿದಿದ್ದು ಒಂದೇ. ಇನ್ನೊಂದಕ್ಕಾಗಿ ಪಕ್ಕದ ಅಂಗಡಿಗೆ ಓಡಿದೆ.

“ಸಿಡಿನಾ? ಈಗ ಯಾರ್ ತಗಂತಾರಕ್ಕ? ದಾವಣಗೇರ್ಯಾಗ ಸಿಗ್ತಾವೇನೋ ನೋಡ್ರಿ” ಎಂದ ಅವನು. ದಾವಣಗೆರೆಗೆ ಹೋಗಿ ಬರಲು ಒಂದು ಗಂಟೆಯಾದರೂ ಬೇಕು. ವಾಪಸು ಬಂದು ಕೂತೆ.

“ಏನಾತು?” ಎಂದಳು ಅತ್ತಿಗೆ.

“ಏನಿಲ್ಲ, ಕೂಡ್ರಿ. ಐದು ನಿಮಿಷ.”

ವಕೀಲರಿಗೆ ಒಂದು ಫೋನು ಮಾಡಿದ್ದರೆ ಇನ್ನೊಂದು ತಾರೀಕು ಕೇಳುತ್ತಿದ್ದರೋ ಏನೋ. ನನಗೆ ಹೊಳೆಯಲಿಲ್ಲ. ಹೊಳೆದಿದ್ದರೂ ಮಾಡುತ್ತಿರಲಿಲ್ಲವೇನೋ, ಇದೇ ಕಸುಬಿನವಳೆಂಬ ಜಂಬ ಇತ್ತಲ್ಲ. ವಿಡಿಯೋ ತೆರೆದೆ. ಮೊದಲ ನಾಲ್ಕು ನಿಮಿಷ ಬರೀ ಖಾಲಿ ರಸ್ತೆ. ಒಂದು ನಾಯಿ ಈ ಕಡೆಯಿಂದ ಆ ಕಡೆಗೆ ದಾಟುತ್ತದೆ, ಅಷ್ಟೇ. ಅಣ್ಣ ಬರುವುದಕ್ಕೆ ಇನ್ನೂ ಎಂಟು ನಿಮಿಷ ಇದೆ. ನಾಯಿಗೆ ಯಾಕೆ ಇಷ್ಟು ಜಾಗ ಎಂದು ಆ ನಾಲ್ಕು ನಿಮಿಷ ಕತ್ತರಿಸಿದೆ. ಹಳೆಯ ಫೈಲಿನ ಮೇಲೇ ಉಳಿಸಲೇ ಎಂದು ಕೇಳಿತು. ಅದಕ್ಕೂ ಹೌದು ಎಂದೆ. ಆರುನೂರಾ ತೊಂಬತ್ತಾರಕ್ಕೆ ಇಳಿಯಿತು. ಸಿಡಿ ಬರೆದಾಯಿತು. ಕೋರ್ಟಿಗೆ ಹನ್ನೊಂದಕ್ಕೆ ಮುಂಚೆಯೇ ಮುಟ್ಟಿತು. ಪ್ರಮಾಣಪತ್ರ ಬದಲಿಸಬೇಕು ಎಂಬುದು ನೆನಪಿಗೇ ಬರಲಿಲ್ಲ. ಅಂದು ಮಧ್ಯಾಹ್ನ ಮೂವರೂ ಮಿರ್ಚಿ ಮಂಡಕ್ಕಿ ತಿಂದೆವು. ಅಣ್ಣ ತಿಂಗಳುಗಳ ನಂತರ ನಕ್ಕಿದ್ದ.

ಒಂದೂವರೆ ವರ್ಷದ ಮೇಲೆ ನಾನು ಸಾಕ್ಷಿ ಹೇಳುವ ದಿನ ಬಂತು. ಸರ್ಕಾರಿ ವಕೀಲರು ದನಿ ಏರಿಸಲೇ ಇಲ್ಲ.

“ಮೂರು ಗಂಟೆಯಿಂದ ಅಂತ ಬರೆದು ಸಹಿ ಹಾಕಿದ್ದೀರಿ. ಸಿಡಿ ಶುರುವಾಗೋದು ಮೂರು ನಾಲ್ಕಕ್ಕೆ. ಕತ್ತರಿಸಿದವರು ಯಾರು?”

“ನಾನೇ ಸರ್.”

“ಆರೋಪಿ ನಿಮಗೇನಾಗಬೇಕು?”

“ಅಣ್ಣ.”

“ಆ ನಾಲ್ಕು ನಿಮಿಷದಲ್ಲಿ ಏನಿತ್ತು?”

“ಏನೂ ಇರಲಿಲ್ಲ ಸರ್. ಖಾಲಿ ರಸ್ತೆ.”

“ಏನೂ ಇರಲಿಲ್ಲ ಅನ್ನೋದನ್ನ ತೋರಿಸಿ.”

ಏನನ್ನು ತೋರಿಸಲಿ? ಹಳೆಯ ಫೈಲಿನ ಮೇಲೇ ಉಳಿಸಿ ಮೂಲವನ್ನೂ ಕಳೆದುಕೊಂಡಿದ್ದೆ. ಸಿಡಿಯಲ್ಲಿ ಜಾಗ ಇರಲಿಲ್ಲ ಎಂದೆ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ನಾಲ್ಕು ನಿಮಿಷ ಕತ್ತರಿಸಿದವಳು ಇನ್ನೇನೇನು ಕತ್ತರಿಸಿದ್ದಾಳೋ ಎಂದರು ಸರ್ಕಾರಿ ವಕೀಲರು. ನ್ಯಾಯಾಧೀಶರು ತಲೆ ಎತ್ತದೆ ಬರೆಸಿಕೊಂಡರು. ಬೈಕು ಗುದ್ದಿದ್ದು ಅದೇ ಸಿಡಿಯಲ್ಲಿತ್ತು, ಅಣ್ಣ ಜಿಗಿದದ್ದೂ ಇತ್ತು. ಆದರೆ ನಂಬಬೇಕಲ್ಲ. ನೆಲ ಬಾಯ್ಬಿಟ್ಟರೆ ಸಾಕು ಅನ್ನಿಸಿತು.

ಹೊರಗೆ ಬಂದಾಗ ನಮ್ಮ ವಕೀಲರು ನನ್ನ ಮುಖ ನೋಡದೆ ಮುಂದಿನ ತಾರೀಕು ಹೇಳಿ ಹೋದರು. ಅಣ್ಣ ಬೈಯಲಿಲ್ಲ. “ಬಸ್ ಬಂತು, ಹತ್ತು” ಎಂದ. ದಾವಣಗೆರೆ ಮುಟ್ಟುವವರೆಗೂ ಕಿಟಕಿಯ ಕಡೆಗೇ ನೋಡುತ್ತಿದ್ದ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಮನೆಗೆ ಬಂದ ಮೇಲೆ ಅಣ್ಣ ಸ್ನಾನಕ್ಕೆ ಹೋದ. ನಾನು ಅಡುಗೆಮನೆಯಲ್ಲಿ ಗೋಡೆಗೊರಗಿ ಕೂತೆ. ನಮ್ಮ ಜೊತೆ ಕೋರ್ಟಿಗೆ ಬಂದು ಎಲ್ಲವನ್ನೂ ಕೇಳಿದ್ದ ಅತ್ತಿಗೆ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವುದನ್ನು ನಿಲ್ಲಿಸಿ ಬಚ್ಚಲ ಕಡೆ ಒಮ್ಮೆ ನೋಡಿದಳು. ನೀರು ಬೀಳುವ ಸದ್ದು ಕೇಳುತ್ತಿತ್ತು. ನನ್ನ ಹತ್ತಿರ ಬಗ್ಗಿದಳು.

“ನನ್ ಮುಂದ ಆದ್ರೂ ಹೇಳವ್ವ, ನಾ ಯಾರಿಗೂ ಹೇಳಂಗಿಲ್ಲ. ಆ ನಾಕು ನಿಮಿಷದಾಗ ಏನಿತ್ತು?”

“ಖಾಲಿ ರಸ್ತೆ ಅತ್ತಿಗಿ. ದೇವ್ರಾಣೆ.”

“ಹೂಂ, ಹೂಂ. ಇರ್ಲಿ ಬಿಡು” ಎಂದಳು, ತೀರಾ ಬೇಗ. ಮತ್ತೆ ರೊಟ್ಟಿ ಬಡಿಯತೊಡಗಿದಳು. ಬಚ್ಚಲ ಬಾಗಿಲು ತೆರೆದು ಅಣ್ಣ ಟವೆಲು ಕೇಳಿದ. ಅವಳು ಏಳಲಿಲ್ಲ. ನಾನೇ ಎದ್ದು ಹೋಗಿ ಕೊಟ್ಟೆ.