ಕೆಂಪಿಯ ಮೈಯೊಳಗಿದ್ದ ಇನ್ನೊಬ್ಬ ಮಿಮಿಕ್ರಿಯವನು

ಈ ಪ್ರಯಾಣಕ್ಕೆ ಕಾರಣ ನನ್ನ ಬಾಯಿ. ಮೊದಲೇ ಹೇಳಿಬಿಡುತ್ತೇನೆ, ಬೇರೆಯವರ ಬಾಯಲ್ಲಿ ಕೇಳಿದರೆ ಇನ್ನೂ ಕೆಟ್ಟದಾಗಿರುತ್ತದೆ. ಚಾಮರಾಜನಗರದ ಒಂದು ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೂರುವ ನಾನು, ಬಿಡುವಿದ್ದಾಗ ಮದುವೆ ಮನೆಗಳಲ್ಲಿ ಮಿಮಿಕ್ರಿ ಮಾಡುತ್ತೇನೆ. ಯಾರ ದನಿಯನ್ನೂ ಬಿಟ್ಟವನಲ್ಲ. ನನ್ನ ದನಿ ಯಾವುದು ಎಂದು ಕೇಳಿದರೆ ಮಾತ್ರ ಸ್ವಲ್ಪ ಯೋಚಿಸಬೇಕಾಗುತ್ತದೆ.

ಸೋಮವಾರ ನನ್ನ ಸೋದರತ್ತೆ ಚಿಕ್ಕತಾಯಮ್ಮ ಫೋನ್ ಮಾಡಿದ್ದಳು. ಅವಳದು ಗುಂಡ್ಲುಪೇಟೆಯಿಂದಾಚೆ, ಆ ತಾಲ್ಲೂಕಿನದೇ ಮದ್ದೂರಿನ ಕಾಡಂಚಿನ ಊರು. ಏಳು ತಿಂಗಳ ಗಬ್ಬದ ಹಸು ಕೆಂಪಿ ಮೇವು ಬಿಟ್ಟಿದೆ, ಕತ್ತಿನ ಹತ್ತಿರ ನಾಲ್ಕು ಗಂಟು ಎದ್ದಿವೆ, ಪಶು ಡಾಕ್ಟ್ರು ಫೋನ್ ತೆಗೆಯುತ್ತಿಲ್ಲ ಎಂದಳು. ಅರ್ಧ ಗಂಟೆ ಬಿಟ್ಟು ನಾನು ಗೆಳೆಯನ ಫೋನಿನಿಂದ, ಅತ್ತೆಯ ಊರಿನಲ್ಲಿ ಒಂದೆರಡು ಸಲ ಕಂಡಿದ್ದ ಆ ಡಾಕ್ಟರ ಹಾಗೆಯೇ ಎರಡು ಸಲ ಕೆಮ್ಮಿ, "ಏನಿಲ್ಲ ತಾಯಿ, ನೊಣ ಕಚ್ಚಿರದು. ನಾಕು ದಿನ ಬುಟ್ಟು ನೋಡಿ" ಎಂದೆ. ಕೊನೆಗೆ ನಕ್ಕು ನಿಜ ಹೇಳುವುದೆಂದು ಲೆಕ್ಕ. ಅಷ್ಟರಲ್ಲಿ ಅತ್ತೆ, "ದ್ಯಾವ್ರಂಗೆ ಪೋನ್ ಮಾಡುದ್ರಿ ಸ್ವಾಮಿ, ನಿಮ್ ಮಕ್ಳು ಚೆಂದಾಗಿರ್ಲಿ" ಎಂದು ಹರಸಿ ಇಟ್ಟುಬಿಟ್ಟಳು. ಇಷ್ಟು ಹಾರೈಕೆ ಬಿದ್ದ ಮೇಲೆ ನಿಜ ಹೇಳಲು ನಾಲಿಗೆ ಏಳಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡೆ.

ಗುರುವಾರ ಮತ್ತೆ ಅವಳ ಫೋನ್. "ಕೆಂಪಿ ಮೈ ತುಂಬ ಗಂಟಾಗವೆ ಕಣ್ಲಾ ಸಿದ್ದ. ಪಕ್ಕದೋರು ಆಸ್ಪತ್ರೆಗೆ ತಿಳ್ಸು ಅಂತರೆ. ಡಾಕ್ಟ್ರೇ ನಾಕು ದಿನ ಬುಡಿ ಅಂದವ್ರೆ, ನಾ ಎಂಗ್ ಮೀರ್ಲಿ?"

ಶುಕ್ರವಾರ ಬೆಳಗಿನ ಮೊದಲ ಬಸ್ಸಿಗೇ ಹತ್ತಿದೆ. ತುಂತುರು ಮಳೆ, ಕಿಟಕಿಯ ಗಾಜು ಅರ್ಧಕ್ಕೆ ನಿಂತು ಮೇಲೂ ಹೋಗದು, ಕೆಳಗೂ ಬಾರದು. ಗುಂಡ್ಲುಪೇಟೆಗೆ ಸುಮಾರು ಮೂವತ್ತೈದು ಕಿಲೋಮೀಟರ್. ಹೆಂಗಸರಿಗೆಲ್ಲ ಪುಕ್ಕಟೆ ಟಿಕೆಟ್ ಹರಿಯುತ್ತ ಬಂದ ಕಂಡಕ್ಟರಿಗೆ, ಚಟ ಬಿಡಬೇಕಲ್ಲ, ಹೆಣ್ಣು ದನಿಯಲ್ಲಿ "ನನಗೂ ಒಂದು ಕೊಡಣ್ಣ" ಎಂದೆ. ಅವರು ತಲೆ ಎತ್ತಲಿಲ್ಲ. "ದನಿ ಯಾರ್ ಬೇಕಾದ್ರೂ ತಗೀತರೆ. ಆಧಾರ್ ತೋರ್ಸು."

ದುಡ್ಡು ಕೊಟ್ಟೆ. ತೆರಕಣಾಂಬಿಯಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಪಕ್ಕದಲ್ಲಿ ಕೂತಿದ್ದ ರೈತರೊಬ್ಬರು ನನಗೂ ಸೇರಿಸಿ ಟೀ ಹೇಳಿದರು. ಮುಖ ನೋಡಿ, "ಸಾವಿನ ಮನೆಗಾ ಮಗ?" ಎಂದರು. "ಇನ್ನೂ ಗೊತ್ತಿಲ್ಲ" ಎಂದೆ. ಅವರು ಮತ್ತೇನೂ ಕೇಳದೆ ಒಂದು ಬನ್ನು ಕೊಡಿಸಿದರು. ಹೆಸರೂ ಕೇಳಲಿಲ್ಲ ನಾನು. ಆ ಬನ್ನು ಇವತ್ತಿಗೂ ನೆನಪಿದೆ.

ಗುಂಡ್ಲುಪೇಟೆಯಲ್ಲಿ ಇಳಿದು ನೇರ ಪಶು ಆಸ್ಪತ್ರೆಗೆ ಹೋಗಿ, ಡಾಕ್ಟರ ಮುಂದೆ ನಿಂತು ಎಲ್ಲವನ್ನೂ ಒಪ್ಪಿಕೊಂಡೆ. ಅವರು ಬೈಯುತ್ತಾರೆಂದು ಕಾದೆ. "ಎಲ್ಲಿ, ಒಂದ್ಸಲ ಮಾಡು ಕೇಳನ" ಎಂದರು. ಮಾಡಿದೆ. ಕೆಮ್ಮು ಮುಗಿಯುವಷ್ಟರಲ್ಲಿ ಅವರು ಬ್ಯಾಗು ಎತ್ತಿಕೊಂಡು ಬೈಕಿನ ಹತ್ತಿರ ನಡೆದಿದ್ದರು. "ಹತ್ತು. ನಿನ್ನ ಕಸುಬಿನೋನೇ ಇನ್ನೊಬ್ಬ ಅವ್ನೆ ಅಲ್ಲಿ."

ಎರಡೂ ಕಡೆ ಚೆಂಡುಹೂವಿನ ಹೊಲ, ಮುಖಕ್ಕೆ ಹನಿ. ಹೆಲ್ಮೆಟ್ಟಿನೊಳಗಿಂದ ಡಾಕ್ಟ್ರು ಕೂಗಿ ಕೂಗಿ ಪಾಠ ಹೇಳಿದರು. ಇದು ಚರ್ಮಗಂಟು ರೋಗ, ಸಿಡುಬಿನ ಬಳಗದ ವೈರಸ್. ವೈರಸ್ ಒಳಗೆ ಬಂದರೆ ಮೈಯ ಜೀವಕೋಶಗಳು ಪ್ರೋಟೀನಿನ ರೂಪದಲ್ಲಿ ಒಂದಕ್ಕೊಂದು ಸುದ್ದಿ ಕಳಿಸುತ್ತವೆ: ಕಳ್ಳ ಬಂದ, ಏಳಿ. ಕಾದಾಟ ಮುಗಿದ ಮೇಲೆ ಇನ್ನೊಂದು ಪ್ರೋಟೀನು ಹೊರಡುತ್ತದೆ: ಸಾಕು, ಸುಮ್ಮನಾಗಿ. ಆ ಮಾತು ಇಲ್ಲದಿದ್ದರೆ ಮೈ ತನ್ನನ್ನೇ ಸುಟ್ಟುಕೊಳ್ಳುತ್ತದೆ.

"ಈ ವೈರಸ್ಸು ಆ 'ಸಾಕು' ಅನ್ನೋ ಪ್ರೋಟೀನಿನ ನಕಲು ಮಾಡೋ ವಿದ್ಯೆ ತನ್ನ ಜೀನಲ್ಲೇ ಇಟ್ಕೊಂಡದೆ. ಯಾವ್ದೋ ಕಾಲದಲ್ಲಿ ಯಾವ್ದೋ ಪ್ರಾಣಿಯಿಂದ ಕದ್ದಿರಬೇಕು ಅಂತಾರೆ. ಹಸೀನ ಜೀವಕೋಶದಲ್ಲೇ ಕೂತು, ಹಸೀನ ದನೀಲೇ ಹೇಳ್ತದೆ. ಕಾವಲಿನೋರು ಮನೆಯೋರೇ ಹೇಳಿದ್ರಲ್ಲ ಅಂತ ಕೋಲು ಕೆಳಗಿಡ್ತಾರೆ."

"ನಾಕು ದಿನ ಬುಟ್ಟು ನೋಡಿ ಅಂದಂಗೆ" ಎಂದೆ.

"ಹೂಂ. ಇನ್ನೂ ಒಂದದೆ. ಈ ಬಳಗದ ಕೆಲವು ವೈರಸ್ಸು ಸುಳ್ಳು ಕಿವೀನೂ ಮಾಡಿ ಮೈಯೊಳಗೆ ತೇಲಿ ಬುಡ್ತವೆ. ಏಳಿ ಅನ್ನೋ ನಿಜವಾದ ಕೂಗು ಆ ಕಿವಿಗೇ ಬಿದ್ದು ಅಲ್ಲೇ ಕೊನೆ."

ಅತ್ತೆಯ ಮನೆ ಮುಂದೆ ಬೈಕು ನಿಲ್ಲುವ ಮೊದಲೇ ಇಳಿದು ಓಡಿದೆ.

ಕೆಂಪಿ ಕೊಟ್ಟಿಗೆಯಲ್ಲಿ ತಲೆ ಜೋಲುಬಿಟ್ಟು ನಿಂತಿತ್ತು. ಮೈಯೆಲ್ಲ ನಿಂಬೆಹಣ್ಣಿನಂಥ ಗಂಟು, ಬಾಯಲ್ಲಿ ಜೊಲ್ಲು. ಲಸಿಕೆಯವರು ಊರಿಗೆ ಬಂದ ದಿನ ಅದು ಮೇಯಲು ಹೋಗಿತ್ತಂತೆ. ಅತ್ತೆಗೆ ನಿಜ ಹೇಳಿದೆ. ಅವಳು ಪೊರಕೆ, ಸಗಣಿ ಮಂಕರಿ ತಂದು ಮುಂದಿಟ್ಟಳು.

ವೈರಸ್ಸಿಗೆ ನೇರ ಮದ್ದಿಲ್ಲ ಎಂದರು ಡಾಕ್ಟ್ರು. ಜ್ವರಕ್ಕೆ, ಹುಣ್ಣು ಕೀವಾಗದಂತೆ ಸೂಜಿ ಹಾಕಿದರು. "ಉಳಿದದ್ದು ಅದರ ಮೈಯೇ ಮಾಡಬೇಕು. ನೊಣ ಕೂರಬಾರ್ದು, ಕೊಟ್ಟಿಗೆ ಒಣಗಿರಬೇಕು." ಅಕ್ಕಪಕ್ಕದ ಚೆನ್ನಾಗಿದ್ದ ದನಗಳಿಗೆ ಲಸಿಕೆ ಕೊಟ್ಟರು. "ಕಳ್ಳನ ಗುರುತು ಮೊದ್ಲೇ ತೋರ್ಸಿಡೋದು ಇದು. ಆಮೇಲೆ ದನಿ ಕೇಳಿ ಅಷ್ಟು ಸುಲಭಕ್ಕೆ ಮೋಸ ಹೋಗಕಿಲ್ಲ."

ಮೂರು ದಿನ ಬೇವಿನಸೊಪ್ಪಿನ ಹೊಗೆ ಹಾಕಿದೆ, ಅತ್ತೆ ಅರೆದ ಬೇವು ಅರಿಸಿನ ಹುಣ್ಣಿಗೆ ಹಚ್ಚಿದೆ, ಸಗಣಿ ಬಾಚಿದೆ. ಪಕ್ಕದ ಮನೆಯವರು ಎಳೆಹುಲ್ಲು ಕೊಯ್ದು ತಂದುಕೊಟ್ಟರು, ನನಗೆ ಹುರುಳಿ ಸಾರು, ಮುದ್ದೆ. ಶನಿವಾರ ಡಾಕ್ಟ್ರೇ ಫೋನ್ ಮಾಡಿದರು. ಅತ್ತೆ ನನ್ನ ಬಾಯನ್ನೇ ನೋಡುತ್ತ, ಅದು ಮುಚ್ಚಿದೆಯೆಂದು ಖಾತ್ರಿಯಾದರೂ ಬಿಡದೆ, "ನೀವು ಡಾಕ್ಟ್ರೇ ಆದ್ರೆ ನಮ್ ಕೆಂಪಿದು ಯಾವ್ ಕಿವಿ ಸೀಳಿರದು ಯೋಳಿ" ಎಂದಳು. ಅವರು ಎಡಗಿವಿ ಎಂದ ಮೇಲೆಯೇ ಮಾತು ಮುಂದುವರಿದದ್ದು.

ಸೋಮವಾರ ಬೆಳಗ್ಗೆ ಕೆಂಪಿ ನನ್ನ ಕೈಯಿಂದ ಒಂದು ಹಿಡಿ ಹುಲ್ಲು ಎಳೆದುಕೊಂಡಿತು. ಡಾಕ್ಟ್ರು ಬಂದು ಹೊಟ್ಟೆ ಮುಟ್ಟಿ ನೋಡಿ, ಕರು ಆಡುತ್ತಿದೆ ಎಂದರು. ಅತ್ತೆ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ನಾನು ಹೊಗೆ ಕಣ್ಣಿಗೆ ಹೋದವನಂತೆ ಆಚೆ ಹೋದೆ. ಇಷ್ಟು ಜನ ನನ್ನ ತಪ್ಪಿನ ಕೆಳಗೆ ಹೆಗಲು ಕೊಟ್ಟು ಎತ್ತಿದ್ದರು, ಒಬ್ಬರೂ ಅದನ್ನು ಎತ್ತಿ ಆಡಲಿಲ್ಲ. ಹುಟ್ಟಿದಾಗಿನಿಂದ ಎಲ್ಲರನ್ನೂ ಆಡಿಕೊಂಡ ನನಗೆ ಇದು ಹೊಸದು.

ಮಧ್ಯಾಹ್ನದ ಬಸ್ಸಿಗೆ ವಾಪಸಾದೆ. ಚಾಮರಾಜನಗರದಲ್ಲಿ ಇಳಿದು, ನನ್ನದೇ ದನಿಯಲ್ಲಿ ಅತ್ತೆಗೆ ಫೋನ್ ಮಾಡಿದೆ.

"ಅತ್ತೆ, ಸಿದ್ದ ಮಾತಾಡ್ತಿರದು. ಬಂದು ಸೇರ್ದೆ."

"ಯಾವ್ ಸಿದ್ದ?"

"ಎಡಗಿವಿ ಅತ್ತೆ."

"ಅದೀಗ ಊರ್ಗೆಲ್ಲ ಗೊತ್ತು ಬುಡು. ದನಿ ಯಾರ್ ಬೇಕಾದ್ರೂ ತಗೀತರೆ, ನಿನ್ನಂಗೆ ಮೂಲೆಮೂಲೇಲಿ ಸಗಣಿ ಬುಟ್ಬುಟ್ಟು ಬಾಚದು ಇನ್ಯಾರ್ಗೂ ಬರಕಿಲ್ಲ. ಭಾನ್ವಾರ ಬಂದು ಬಾಚು, ಆಗ ನೀನೇ ಅಂತ ನಂಬ್ತಿನಿ."