ಅಂಗಿ ತಿರುಗಿಸಿ ಹಾಕಿಕೊಂಡ ಮಧ್ಯಾಹ್ನ

ದೆವ್ವ, ಗಾಳಿ, ಕಣ್ಕಟ್ಟು ಎಂದರೆ ನನಗೆ ಮೊದಲಿನಿಂದಲೂ ಆಗದು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು ನಾನು. ಹುತ್ತ ಕಟ್ಟುವುದು ಗೆದ್ದಲು, ಹಾವು ಬರೀ ಬಾಡಿಗೆದಾರ ಎಂದು ಮಕ್ಕಳಿಗೆ ಹೇಳಿ ಅವರ ಮನೆಯವರಿಂದ ಬೈಸಿಕೊಂಡಿದ್ದೇನೆ. ಈಗಲೂ ಅದನ್ನೇ ಹೇಳುತ್ತೇನೆ. ಆದರೆ ಕೆಲವು ವರ್ಷಗಳ ಹಿಂದೆ ಆಂಧ್ರದ ಗಡಿಗೆ ಅಂಟಿಕೊಂಡ ರಾಯಲ್ಪಾಡಿನ ನಮ್ಮ ಮಾವಿನ ತೋಪಿನಲ್ಲಿ ಆದದ್ದನ್ನು ಮುಚ್ಚಿಟ್ಟರೆ ನಾನೇ ಸುಳ್ಳಿಯಾಗುತ್ತೇನೆ.

ನಮ್ಮ ಅತ್ತಿಗೆ ಮರಿಸೆಲ್ ಫಿಲಿಪ್ಪೀನ್ಸ್‌ನವರು. ಕುವೈತಿನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಾಗ ಅಲ್ಲೇ ಕೆಲಸಕ್ಕಿದ್ದ ನಮ್ಮಣ್ಣನ ಕೈ ಹಿಡಿದವರು. ಇಲ್ಲಿಗೆ ಬಂದ ಎರಡೇ ವರ್ಷದಲ್ಲಿ ಅಮ್ಮನ ಜೊತೆ ಜಗಳವಾಡುವಷ್ಟು ಕನ್ನಡ, ಸಂತೆಯಲ್ಲಿ ಚೌಕಾಸಿ ಮಾಡುವಷ್ಟು ತೆಲುಗು ಕಲಿತಿದ್ದರು.

ಆ ದಿನ ಬೆಳಗ್ಗೆ ಬೀಸಿದ ಗಾಳಿಗೆ ಕಾಯಿ ಉದುರಿತ್ತು. ಮಧ್ಯಾಹ್ನ ಅಮ್ಮ ಇನ್ಸುಲಿನ್ ಚುಚ್ಚಿಕೊಂಡವಳು ಊಟ ಬಿಟ್ಟು ಕಾಯಿ ಆಯಲು ತೋಪಿಗೆ ಹೋಗಿಬಿಟ್ಟಿದ್ದಳು. ಮುಟ್ಟದ ತಟ್ಟೆ ನೋಡಿ ಅತ್ತಿಗೆಯ ಮುಖ ಬಿಳಚಿತು. "ಸಕ್ಕರೆ ಇಳಿದ್ರೆ ಪ್ರಜ್ಞೆ ಹೋಗುತ್ತೆ, ಬೇಗ ಬಾ" ಎಂದರು. ತೋಪಿಗೆ ಹೋಗುವ ಹೆಂಗಸರೆಲ್ಲರಂತೆ ನಾನು ಸೀರೆಯ ಮೇಲೆ ಅಪ್ಪನ ಹಳೇ ತುಂಬುತೋಳಿನ ಅಂಗಿ ತೊಟ್ಟೆ, ಅತ್ತಿಗೆ ಅಣ್ಣನದು ತೊಟ್ಟರು. ಬೆಲ್ಲದ ಡಬ್ಬಿ ಹಿಡಿದು ಓಡಿದೆವು.

ತೋಪಿನೊಳಗೆ ಕಾಲಿಟ್ಟರೆ ಮೊದಲು ಸಿಗುವುದೇ ಒಂದು ದೊಡ್ಡ ಹುತ್ತ. ಅತ್ತಿಗೆ ತಲೆ ಬಗ್ಗಿಸಿ "ತಾಬಿ ತಾಬಿ ಪೊ" ಎಂದರು. ಸ್ವಲ್ಪ ಸರಿಯಿರಿ ಸ್ವಾಮಿ ಎಂದಂತೆ. ಅವರ ಊರಿನ ಹುತ್ತಗಳಲ್ಲಿ ನಾಗಪ್ಪನಿಲ್ಲ, ಮುಂಗೋಪದ ಕುಳ್ಳ ಅಜ್ಜನೊಬ್ಬ ಇರುತ್ತಾನಂತೆ. ಇಂಥ ಹೊತ್ತಿನಲ್ಲಿ ಇದೊಂದು ಬೇರೆ ಕೇಡು ಎಂದು ರೇಗಿ ನಾನು ಹುತ್ತದ ಬುಡಕ್ಕೆ ಒದ್ದು ಮುಂದೆ ನಡೆದೆ.

ಇರುವುದು ಎರಡೆಕರೆ. ಕಣ್ಣು ಮುಚ್ಚಿಕೊಂಡು ಓಡಾಡಿದ ಜಾಗ. ಅಮ್ಮ ಕೂಗುವುದು ಕೇಳುತ್ತಿತ್ತು. ದನಿ ಹಿಡಿದು ಹೋದರೆ ಎದುರಿಗೆ ಅದೇ ಹುತ್ತ. ಬೇರೆ ಸಾಲು ಹಿಡಿದರೂ ಅದೇ ಹುತ್ತ. ಮೂರನೆಯ ಸಲಕ್ಕೆ ಅಮ್ಮನ ದನಿ ತೊದಲುತ್ತಿತ್ತು.

"ಅಂಗಿ ಉಲ್ಟಾ ಹಾಕ್ಕೋ. ನಮ್ಮೂರಲ್ಲಿ ದಾರಿ ತಪ್ಪಿದ್ರೆ ಹಂಗೇ ಮಾಡೋದು" ಎಂದು ಅತ್ತಿಗೆ ತಮ್ಮದನ್ನು ಬಿಚ್ಚಿ, ಒಳಮಗ್ಗುಲು ಹೊರಗೆ ಬರುವಂತೆ ತಿರುಗಿಸಿ ಹಾಕಿಕೊಂಡರು.

"ಸತ್ರೂ ಹಾಕ್ಕೊಳ್ಳಲ್ಲ" ಎಂದೆ.

"ಸಾಯ್ತಿರೋದು ನೀನಲ್ಲ ಕಣೇ, ನಿಮ್ಮಮ್ಮ!" ಎಂದು ಕಿರುಚಿದರು.

ಅಳುತ್ತಾ, ಬೈಯುತ್ತಾ ತಿರುಗಿಸಿ ಹಾಕಿಕೊಂಡೆ. ಗುಂಡಿ ಹಾಕುವ ಮೊದಲೇ ಅಮ್ಮ ಕಂಡಳು. ಹುತ್ತದಿಂದ ಹತ್ತು ಹೆಜ್ಜೆ ದೂರ, ಮರೆಯೇ ಇಲ್ಲದ ಕಡೆ, ಬೆವರಿನಲ್ಲಿ ತೊಯ್ದು ಕೂತಿದ್ದಳು. ಅತ್ತಿಗೆ ಬೆಲ್ಲ ತಿನ್ನಿಸಿದರು. ಸುಧಾರಿಸಿಕೊಂಡ ಮೇಲೆ ಅಮ್ಮ ಆಡಿದ ಮೊದಲ ಮಾತು: "ನನ್ ಮುಂದ್ಗಡೇನೇ ಮೂರ್ ಸಲ ಹೋದ್ರಲ್ಲ ತಲ್ಲೀ, ಎಷ್ಟ್ ಕೂಗಿದ್ರೂ ತಿರುಗಿ ನೋಡ್ಲಿಲ್ಲ."

ಗಾಬರಿಗೆ ಕಣ್ಣು ಮಂಜಾಯಿತು ಎನ್ನುತ್ತೀರಾ? ಇಬ್ಬರಿಗೂ ಒಟ್ಟಿಗೇ? ನಾನೂ ಹಾಗೇ ಹೇಳಿಕೊಂಡು ನೋಡಿದ್ದೇನೆ, ಮನಸ್ಸು ಒಪ್ಪಿಲ್ಲ. ಹುತ್ತಕ್ಕೆ ಹಾಲೆರೆದು ತಪ್ಪಾಯಿತು ಅನ್ನು ಎಂದು ಅಮ್ಮ ಇವತ್ತಿಗೂ ಪೀಡಿಸುತ್ತಾಳೆ. ಎರೆದಿಲ್ಲ, ಎರೆಯುವುದೂ ಇಲ್ಲ. ಅತ್ತಿಗೆಗೆ ಮಾತ್ರ ಒಂದು ಮಾತು ಹೇಳಿಟ್ಟಿದ್ದೇನೆ: ಇನ್ನೊಂದು ಸಲ ಹೀಗಾದರೆ ನನ್ನ ಜೊತೆ ವಾದಕ್ಕೆ ನಿಲ್ಲಬೇಡಿ, ಕೆನ್ನೆಗೆರಡು ಬಾರಿಸಿ, ಅಂಗಿ ನೀವೇ ತಿರುಗಿಸಿ.