ತವರಿನ ದೇವಿಯ ಎಣ್ಣೆ

ಮೊನ್ನೆ ಸೊಸೆ ಕಾಯಿಹಾಲು ಕುದಿಸಿ ಎಣ್ಣೆ ತೆಗೆಯುತ್ತಿದ್ದಳು. ಆ ವಾಸನೆಗೆ, ದಾಂಡೇಲಿಯ ಚಾಳಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ, ಎಲ್ಲರೂ ‘ಬಾಯಿ’ ಎಂದು ಕರೆಯುತ್ತಿದ್ದ ಹೆಂಗಸು ನೆನಪಾದಳು...

ನಾನಾಗ ಧಾರವಾಡದ ಕಡೆಯಿಂದ ಬಂದ ಲಿಂಗಾಯತರ ಹೊಸ ಸೊಸೆ. ಬಾಯಿ ಗೋವೆಯ ಕ್ರಿಶ್ಚನ್ನಳು, ನನ್ನ ತಾಯಿಯ ವಯಸ್ಸು. ವರ್ಷಕ್ಕೊಮ್ಮೆ ಹೀಗೆ ಎಣ್ಣೆ ಕಾಯಿಸಿ, ತಂಬಿಗೆಗೆ ತುಂಬಿ, ಅಣಶಿಯ ಆಚೆ ಕಾಡಿನಲ್ಲಿದ್ದ ದೇವಿಗುಡಿಗೆ ಒಯ್ಯುತ್ತಿದ್ದಳು. ನಿಮಗ್ಯಾಕೆ ದೇವಿ ಎಂದು ಕೇಳಿದ್ದಕ್ಕೆ ನಕ್ಕಳು.

“ಆಕಿ ನನ್ನ ತವರಿನಾಕಿ ಅಲ್ಲೇನವ್ವಾ. ಯೇಸುಗ ನಾ ಹೇಳ್ಕೊಂಡೇನಿ, ಅವಂಗ ಸಿಟ್ಟಿಲ್ಲ. ಪಾದ್ರಿಗಷ್ಟ ಹೇಳಬ್ಯಾಡ.”

ಕಥೆ ಬಹಳ ಹಳೆಯದು. ಪೋರ್ತುಗೀಜ ಫಿರಂಗಿಯವರು ಗೋವೆಯ ಅವಳ ಊರಿನ ಗುಡಿ ಕೆಡವಲು ಬಂದಾಗ, ಅವಳ ಹಿರೀಕರಿಬ್ಬರಲ್ಲಿ ಅಣ್ಣ ದೇವಿಯನ್ನು ಹೊತ್ತು ಘಟ್ಟ ಹತ್ತಿದನಂತೆ. ತಮ್ಮನಿಗೆ ಅತ್ತ ದರಿ, ಇತ್ತ ಪುಲಿ. ಹೊಲ ಉಳಿಸಿಕೊಳ್ಳಲು ಕ್ರಿಶ್ಚನ್ನನಾದ. ಬೇರೆಯಾಗುವಾಗ ಅಣ್ಣತಮ್ಮಂದಿರು ಒಂದು ಮಾತು ಮಾಡಿಕೊಂಡರು: ದೇವಿಯ ಹಬ್ಬದ ಮೊದಲ ದೀಪಕ್ಕೆ ತಮ್ಮನ ಮನೆಯ ಎಣ್ಣೆಯೇ ಆಗಬೇಕು. ಬಾಯಿ ಆ ತಮ್ಮನ ವಂಶದವಳು. ಗೋವೆಯ ಗಡಿ ಮುಚ್ಚಿದ ಮೇಲೆ ತವರಿನವರು ಬರುವಂತಿರಲಿಲ್ಲ, ಈಚೆಗಿದ್ದ ಅವಳ ಮೇಲೆಯೇ ಆ ಭಾರ ಬಿತ್ತು. ಗುಡಿಯೊಳಗೆ ಬಿಡುತ್ತಿರಲಿಲ್ಲ. ಅಂಗಳದಲ್ಲಿ ನಿಲ್ಲುತ್ತಿದ್ದಳು, ಅಣ್ಣನ ವಂಶದ ಮುದಿ ಪೂಜಾರಿ ಹೊರಬಂದು ತಂಬಿಗೆ ಇಸಿದುಕೊಳ್ಳುತ್ತಿದ್ದ. ಒಳಗೆ ದೀಪ ಹೊತ್ತಿದ್ದು ಕಂಡರೆ ಅವಳಿಗೆ ಅಷ್ಟೇ ಸಾಕಿತ್ತು.

ಗೋವೆ ಬಿಡುಗಡೆಯಾದ ಮರುವರ್ಷ ನಾನೂ ಜೊತೆಗೆ ಹೋದೆ. ಮುದಿ ಪೂಜಾರಿ ತೀರಿಕೊಂಡಿದ್ದ. ಅವನ ಮಗ ಅಂಗಳಕ್ಕೆ ಬಂದ. ಇಷ್ಟು ವರ್ಷ ಬಾಯಿಯನ್ನು ಸೋದರತ್ತೆಯೆಂದು ‘ಆತ್ಯಾ’ ಎಂದೇ ಕರೆದವನು, ಅವತ್ತು ಕೈ ಚಾಚಲಿಲ್ಲ.

“ಇನ್ನ ಮ್ಯಾಲ ತರಬ್ಯಾಡ್ರಿ, ಆತ್ಯಾ. ನೀವು ಫಿರಂಗಿ ಧರ್ಮದವ್ರು. ಈಗ ನಮ್ಮ ರಾಜ್ಯ ಬಂದೈತಿ.”

“ಫಿರಂಗ್ಯಾರು ಇದ್ದಾಗ ಕದ್ದು ತಂದ್ವಿ, ತಗೊಂಡ್ರಿ. ಅವ್ರು ಹ್ವಾದ ಮ್ಯಾಲ ನಾ ಫಿರಂಗಿ ಆದ್ನೇನೋ, ತಮ್ಮಾ?”

ಅವನು ತಲೆ ತಗ್ಗಿಸಿದ, ತಂಬಿಗೆ ಮುಟ್ಟಲಿಲ್ಲ. ಮೊದಲ ದೀಪ ಬೇರೆ ಯಾರದೋ ಎಣ್ಣೆಯಿಂದ ಹೊತ್ತಿತು. ಅವನ ಮೇಲೆ ಬಂದ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ. ಬಾಯಿ ಮಾತ್ರ ತುಂಬಿದ ತಂಬಿಗೆಯನ್ನು ಹಾಗೇ ಮನೆಗೆ ಹೊತ್ತು ತಂದಳು... ಮುಂದಿನ ವರ್ಷ ಎಣ್ಣೆ ಕಾಯಿಸಲೂ ಇಲ್ಲ. ಕೇಳಿದರೆ, “ಸಾಕಾಗೈತವ್ವಾ” ಅಂದಳು.

ಬಾಯಿ ಹೋಗಿ ಎಷ್ಟೋ ಕಾಲವಾಯಿತು. ಈಚೆಗೆ ಅವಳ ಗೋರಿಗೆ ಮೇಣದಬತ್ತಿ ಹಚ್ಚಲು ಬಂದ ಮೊಮ್ಮಗ ನಮ್ಮಲ್ಲಿಗೂ ಬಂದು ಚಹಾ ಕುಡಿದ. ದೇವಿಯ ಮಾತು ತೆಗೆದೆ.

“ನಮ್ಮ ಮಂದಿಗೆ ಯಾವ ದೇವಿ, ಅಜ್ಜಿ?” ಎಂದ, ಮರ್ಯಾದೆಯಿಂದಲೇ.

ಬಿಡಿಸಿ ಹೇಳುವ ಕಸುವು ನನ್ನಲ್ಲಿರಲಿಲ್ಲ. ಅತ್ತ ಗುಡಿಯವರಿಗೆ ಬೇಡ, ಇತ್ತ ಇವನಿಗೆ ಗೊತ್ತಿಲ್ಲ. ಇಬ್ಬರದೂ ಒಂದೇ ಮನೆಯಾಗಿತ್ತೆಂದು ಬಲ್ಲವಳು ಈಗ, ಆ ಮನೆಗೆ ಏನೂ ಅಲ್ಲದ ನಾನೊಬ್ಬಳೇ.